ಹೊಲಕ್ಕೆ ಹೋಗುವ ಟಾರ್ಚಿಗೆ ಹೊಸ ಬುದ್ಧಿ

ಭಾಲ್ಕಿ ತಾಲ್ಲೂಕಿನ ಹಲಬರ್ಗಾ ಸುತ್ತಮುತ್ತ ಕಬ್ಬು ಹಾಕಿದವರಿಗೆ ರಾತ್ರಿ ಪಾಳಿಯ ಕರೆಂಟ್ ಹೊಸದಲ್ಲ. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಎಂಬುದು ಸರ್ಕಾರದ ಲೆಕ್ಕ. ಆ 7 ಗಂಟೆ ಹಗಲಿಗೋ ರಾತ್ರಿಗೋ ಎಂಬುದು ವಿದ್ಯುತ್ ಕಂಪನಿ ಜೆಸ್ಕಾಂನ ಫೀಡರ್ ಪಾಳಿಗೆ ಬಿಟ್ಟ ಮಾತು. ಪಾಳಿ ರಾತ್ರಿಗೆ ಬಿದ್ದರೆ ರೈತನ ಒಂದು ಕೈಯಲ್ಲಿ ಸಲಿಕೆ, ಇನ್ನೊಂದರಲ್ಲಿ ಟಾರ್ಚ್. ಸ್ಟಾರ್ಟರ್ ಡಬ್ಬಿ ತೆರೆದು ಮೋಟರ್ ಹಾಕಬೇಕು, ಬದುವಿನ ಮೇಲೆ ನಡೆದು ನೀರು ಎಲ್ಲಿಗೆ ಮುಟ್ಟಿತೆಂದು ನೋಡಬೇಕು, ತುಂಬಿದ ಸಾಲಿನ ಬಾಯಿ ಕಟ್ಟಿ ಮುಂದಿನದಕ್ಕೆ ತಿರುಗಿಸಬೇಕು. ಎರೆಮಣ್ಣು ಬೆರಳಿಗೆ ಮೆತ್ತಿರುತ್ತದೆ. ಟಾರ್ಚಿನ ಗುಂಡಿ ಎಲ್ಲಿದೆ ಎಂದು ಹುಡುಕುವ ಪುರುಸೊತ್ತು ಆ ಕೈಗೆ ಇರುವುದಿಲ್ಲ.

ಈ ಟಾರ್ಚು ಕಳೆದ ಒಂದು ತಲೆಮಾರಿನಲ್ಲಿ ಒಳಗಿನಿಂದ ಪೂರ್ತಿ ಬದಲಾಗಿದೆ. ಹಿತ್ತಾಳೆ ಅಥವಾ ಅಲ್ಯೂಮಿನಿಯಂ ಕೊಳವೆ, ಎರಡು–ಮೂರು ಸೆಲ್ಲು, ಪುಟ್ಟ ಬಲ್ಬು, ಹೆಬ್ಬೆರಳಿಗೆ ಸಿಗುವ ಜಾರುಗುಂಡಿ: ಹಳೆಯದೆಂದರೆ ಇಷ್ಟೇ. ಇಂದಿನ ಒಳ್ಳೆಯ ಟಾರ್ಚಿನಲ್ಲಿ ಎಲ್‌ಇಡಿ, ಚಾರ್ಜ್ ಮಾಡುವ ಲಿಥಿಯಂ ಸೆಲ್, ಇವೆರಡರ ನಡುವೆ ಒಂದು ಸರ್ಕ್ಯೂಟು. ಆ ಸರ್ಕ್ಯೂಟಿನ ಮೇಲೆ ಒಂದು ಸಣ್ಣ ಕಂಪ್ಯೂಟರ್ ಚಿಪ್ ಕೂತಿರುತ್ತದೆ. ಗುಂಡಿ ಒತ್ತಿದಾಗ ಬೆಳಕು ನೇರವಾಗಿ ಹತ್ತುವುದಿಲ್ಲ. ಗುಂಡಿ ಚಿಪ್ಪಿಗೆ ಸುದ್ದಿ ಮುಟ್ಟಿಸುತ್ತದೆ, ಎಷ್ಟು ಬೆಳಕು ಕೊಡಬೇಕೆಂದು ಚಿಪ್ಪಿನಲ್ಲಿರುವ ಪ್ರೋಗ್ರಾಂ ನಿರ್ಧರಿಸುತ್ತದೆ. ಪ್ರೋಗ್ರಾಂ ಬದಲಾದರೆ ಅದೇ ಗುಂಡಿ ಬೇರೆ ಕೆಲಸ ಮಾಡುತ್ತದೆ. ಟಾರ್ಚಿಗೆ ಹೊಸ ಬುದ್ಧಿ ಕಲಿಸುವುದು ಸಾಧ್ಯವಾದದ್ದು ಹೀಗೆ.

ಜಗತ್ತಿನ ಹಲವೆಡೆ ಹವ್ಯಾಸಿಗಳು ಈ ಕೆಲಸ ಮಾಡುತ್ತಿದ್ದಾರೆ. ಆದರೆ ಅವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಚಾರಣ, ಕ್ಯಾಂಪು, ಜೇಬಿನಲ್ಲಿಟ್ಟುಕೊಳ್ಳುವ ಚಂದದ ವಸ್ತು. ನೀರು ಹಾಯಿಸುವವನ ರಾತ್ರಿ ಆ ಪ್ರೋಗ್ರಾಮುಗಳೊಳಗೆ ಇನ್ನೂ ಬಂದಿಲ್ಲ. ಅದು ಬರಬೇಕು, ಮತ್ತು ಬೀದರ್ ಜಿಲ್ಲೆಯಂಥ ಕಡೆಯಿಂದಲೇ ಬರಬೇಕು.

ಮೊದಲು ಬೆಳಕಿನ ಹತೋಟಿ ಹೇಗೆ ಸಾಧ್ಯವಾಯಿತು ಎಂಬುದನ್ನು ನೋಡೋಣ. ಕೈಯಲ್ಲಿ ಹಿಡಿಯುವ ಕೊಳವೆ ಟಾರ್ಚಿಗೆ ಡೇವಿಡ್ ಮಿಸೆಲ್ ಎಂಬಾತ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1899ರಲ್ಲಿ. ಅಲ್ಲಿಂದ ಸುಮಾರು ನೂರು ವರ್ಷ ಬಲ್ಬಿನ ತಂತಿ ಕಾದು ಬೆಳಗುವ ವಿಧಾನವೇ ನಡೆಯಿತು. ಬೆಳಕಿನ ಅಳತೆಯಾದ ಲ್ಯೂಮೆನ್ನಿನಲ್ಲಿ ಹೇಳುವುದಾದರೆ, ಎರಡು ಸೆಲ್ಲಿನ ಬಲ್ಬ್ ಟಾರ್ಚ್ ಕೊಡುತ್ತಿದ್ದದ್ದು ಹದಿನೈದು–ಇಪ್ಪತ್ತು ಲ್ಯೂಮೆನ್ ಆಸುಪಾಸು. ಬೆಳಕು ಕಡಿಮೆ ಮಾಡಲು ಅದರಲ್ಲಿ ದಾರಿಯಿರಲಿಲ್ಲ, ಸೆಲ್ಲು ಹಳತಾದಂತೆ ತಾನೇ ಕೆಂಪಗಾಗುತ್ತಿತ್ತು. ಎಲ್‌ಇಡಿಯ ಸ್ವಭಾವ ಬೇರೆ. ಅದನ್ನು ಸೆಕೆಂಡಿಗೆ ಸಾವಿರಾರು ಬಾರಿ ಹೊತ್ತಿಸಿ ಆರಿಸಬಹುದು. ಹೊತ್ತಿರುವ ಹೊತ್ತು ಕಡಿಮೆ ಮಾಡಿದರೆ ಕಣ್ಣಿಗೆ ಮಂಕಾಗಿ ಕಾಣುತ್ತದೆ, ಹೆಚ್ಚು ಮಾಡಿದರೆ ಪ್ರಖರವಾಗಿ. ಹಾಯುವ ಕರೆಂಟನ್ನೇ ಹದವಾಗಿ ಏರಿಳಿಸುವ ಸರ್ಕ್ಯೂಟುಗಳೂ ಇವೆ. ಬಿಳಿ ಎಲ್‌ಇಡಿಗೆ ದಾರಿ ಮಾಡಿದ ನೀಲಿ ಎಲ್‌ಇಡಿ ರೂಪಿಸಿದ್ದಕ್ಕೆ ಅಕಾಸಾಕಿ, ಅಮಾನೊ, ನಕಮುರಾ ಅವರಿಗೆ 2014ರಲ್ಲಿ ಭೌತವಿಜ್ಞಾನದ ನೊಬೆಲ್ ಬಂತು.

ಪ್ರೋಗ್ರಾಂ ಮಾಡಬಹುದಾದ ಟಾರ್ಚುಗಳ ತಂತ್ರಾಂಶಗಳ ಪೈಕಿ ಹೆಚ್ಚು ಹೆಸರಾದದ್ದು ಆಂಡುರಿಲ್. ಟಾಯ್‌ಕೀಪರ್ ಎಂಬ ಹೆಸರಿನ ಪ್ರೋಗ್ರಾಮರ್ 2017ರಲ್ಲಿ ಬರೆಯಲು ತೊಡಗಿದ ಇದು ಮುಕ್ತ ತಂತ್ರಾಂಶ. ಕೋಡನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ಹಂಚಬಹುದು. ಎಮಿಸಾರ್, ಸೋಫಿರ್ನ್, ಲೂಮಿನ್‌ಟಾಪ್ ಮೊದಲಾದ ತಯಾರಕರು ತಮ್ಮ ಟಾರ್ಚುಗಳಲ್ಲಿ ಇದನ್ನೇ ತುಂಬಿ ಮಾರುತ್ತಾರೆ. ಮೊದಮೊದಲು ಇದು ಓಡುತ್ತಿದ್ದ ಚಿಪ್‌ಗಳಲ್ಲಿ ಎಟಿಟೈನಿ85 ಒಂದು: ಎಂಟು ಕಾಲು, ಪ್ರೋಗ್ರಾಂ ಇಡಲು 8 ಕಿಲೋಬೈಟ್ ಜಾಗ, ಕೆಲಸದ ನೆನಪಿಗೆ 512 ಬೈಟ್. ಫೋನಿನಲ್ಲಿ ತೆಗೆದ ಒಂದು ಸಾಧಾರಣ ಫೋಟೊ ಇದರ ನೂರಾರು ಪಟ್ಟು ಜಾಗ ತಿನ್ನುತ್ತದೆ. ಅಷ್ಟರಲ್ಲೇ ಎಷ್ಟೆಲ್ಲ ಹಿಡಿಸಿದ್ದಾರೆ ಎಂಬುದು ಬೆರಗಿನ ಸಂಗತಿ.

ಒಂದು ಬಾರಿ ಒತ್ತಿದರೆ ಹಿಂದೆ ಇಟ್ಟಿದ್ದ ಮಟ್ಟದಲ್ಲಿ ಬೆಳಕು ಹತ್ತುತ್ತದೆ. ಒತ್ತಿ ಹಿಡಿದರೆ ಬೆಳಕು ನಿಧಾನಕ್ಕೆ ಏರುತ್ತದೆ. ಬಿಟ್ಟು ಕೂಡಲೇ ಮತ್ತೆ ಹಿಡಿದರೆ ಇಳಿಯುತ್ತದೆ. ಈ ಏರಿಕೆಗೆ 150 ಮೆಟ್ಟಿಲು. ಮೆಟ್ಟಿಲುಗಳ ನಡುವಿನ ಅಂತರ ಒಂದೇ ಸಮ ಇರುವುದಿಲ್ಲ. ಕೆಳಗೆ ಬಹಳ ಸಣ್ಣದು, ಮೇಲೆ ದೊಡ್ಡದು. ಕಣ್ಣಿನ ಗುಣ ಹಾಗಿದೆ. ಬಟ್ಟಲು ಸಾರಿಗೆ ಬಿದ್ದ ಚಿಟಿಕೆ ಉಪ್ಪು ನಾಲಿಗೆಗೆ ಗೊತ್ತಾಗುತ್ತದೆ, ಹಂಡೆ ಸಾರಿಗೆ ಬಿದ್ದದ್ದು ಗೊತ್ತಾಗುವುದಿಲ್ಲ. ಬೆಳಕಿನ ವಿಷಯದಲ್ಲಿ ಕಣ್ಣೂ ಹಾಗೆಯೇ. ಇನ್ನು ಆರಿದ ಸ್ಥಿತಿಯಲ್ಲಿ ಮೂರು ಬಾರಿ ಒತ್ತಿದರೆ ಟಾರ್ಚು ಸೆಲ್ಲಿನ ವೋಲ್ಟೇಜನ್ನು ಮಿಣುಕಿ ಹೇಳುತ್ತದೆ: ನಾಲ್ಕು ಮಿಣುಕು, ಸ್ವಲ್ಪ ಬಿಡುವು, ಎರಡು ಮಿಣುಕು ಎಂದರೆ 4.2 ವೋಲ್ಟ್, ಪೂರ್ತಿ ತುಂಬಿದೆ. ನಾಲ್ಕು ಬಾರಿ ಒತ್ತಿದರೆ ಬೀಗ. ಈ ಬೀಗ ಕೇವಲ ಅನುಕೂಲಕ್ಕಲ್ಲ. ಬೆರಳುದ್ದದ ಟಾರ್ಚುಗಳು ಈಗ ಒಂದಷ್ಟು ಹೊತ್ತು ಸಾವಿರಾರು ಲ್ಯೂಮೆನ್ ಕಾರುತ್ತವೆ. ಜೇಬಿನಲ್ಲಿ ತಪ್ಪಿ ಹತ್ತಿದರೆ ಬಟ್ಟೆ ಸುಡುತ್ತದೆ, ಚರ್ಮವೂ ಸುಡುತ್ತದೆ. ಅದಕ್ಕೇ ಚಿಪ್ಪು ತನ್ನ ಬಿಸಿಯನ್ನು ತಾನೇ ಅಳೆದು ಬೆಳಕು ತಗ್ಗಿಸುತ್ತದೆ.

ಸರಳ ವಿಧಾನ ಎಂಬುದೂ ಇದೆ. ಮಕ್ಕಳ ಕೈಗೋ ನೆಂಟರ ಕೈಗೋ ಕೊಡುವಾಗ ಹತ್ತು ಬಾರಿ ಒತ್ತಿದರೆ ಕಠಿಣ ಆಟಗಳೆಲ್ಲ ಮರೆಯಾಗಿ, ಬೆಳಕಿನ ಮೇಲ್ಮಿತಿ ಇಳಿದು, ಹತ್ತಿಸುವುದು–ಆರಿಸುವುದು–ಏರಿಳಿಸುವುದರಂಥ ಸರಳ ಕೆಲಸಗಳಷ್ಟೇ ಉಳಿಯುತ್ತವೆ. ಹಿಂದಿನ ಬೆಳಕನ್ನು ನೆನಪಿಡುವ ರೀತಿಯಲ್ಲೂ ಜಾಣ್ಮೆಯಿದೆ. ಟಾರ್ಚ್ ಆರಿಸಿ ಕೆಲವೇ ನಿಮಿಷದಲ್ಲಿ ಮತ್ತೆ ಹತ್ತಿಸಿದರೆ ಬಿಟ್ಟ ಮಟ್ಟಕ್ಕೇ ಬರುತ್ತದೆ. ನಿಗದಿ ಮಾಡಿದ ಹೊತ್ತಿಗಿಂತ ಹೆಚ್ಚು ಕಾಲ ಆರಿದ್ದರೆ ಬಳಸುವವರು ಮೊದಲೇ ಆರಿಸಿಟ್ಟ ಹದವಾದ ಮಟ್ಟಕ್ಕೆ ಮರಳುತ್ತದೆ. ಇದರ ಬೆಲೆ ಗೊತ್ತಾಗುವುದು ಕತ್ತಲಿಗೆ ಒಗ್ಗಿದ ಕಣ್ಣಿಗೆ. ಕಣ್ಣು ಪೂರ್ತಿ ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು–ಮೂವತ್ತು ನಿಮಿಷ ಬೇಕು. ನಿನ್ನೆ ರಾತ್ರಿ ಹಂದಿ ಓಡಿಸಲು ಇಟ್ಟಿದ್ದ ಪೂರ್ಣ ಬೆಳಕು ಇಂದು ಮುಖದ ಮುಂದೆ ಹತ್ತಿದರೆ ಆ ಹೊಂದಿಕೆ ಒಂದೇ ಕ್ಷಣದಲ್ಲಿ ಹೋಗಿಬಿಡುತ್ತದೆ.

ಇಷ್ಟೆಲ್ಲ ಇದ್ದರೂ ದೊಡ್ಡದೊಂದು ತೊಡಕು ಉಳಿದಿದೆ: ಎಲ್ಲವೂ ಒಂದೇ ಗುಂಡಿಯ ಒತ್ತುಗಳ ಎಣಿಕೆಯ ಮೇಲೆ ನಿಂತಿದೆ. ಮೂರು ಒತ್ತಿಗೂ ನಾಲ್ಕು ಒತ್ತಿಗೂ ನಡುವೆ ಇರುವುದು ಒಂದು ಜಾರಿದ ಬೆರಳು. ಹವ್ಯಾಸಿಗೆ ಅದು ಆಟ. ಕೆಸರು ಮೆತ್ತಿದ ಕೈಗೆ, ಮುಂದೆ ಏನೋ ಸರಿದಂತಾದ ಗಳಿಗೆಯಲ್ಲಿ, ಅದು ಅಪಾಯ.

ಅಪಾಯ ಎಂಬುದು ಇಲ್ಲಿ ಅತಿಶಯದ ಮಾತಲ್ಲ. 2000ದಿಂದ 2019ರವರೆಗಿನ ಸಾವುಗಳನ್ನು ಲೆಕ್ಕ ಹಾಕಿದ ಅಧ್ಯಯನವೊಂದು 2020ರಲ್ಲಿ ಪ್ರಕಟವಾಯಿತು. ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸಾಯುತ್ತಾರೆಂದು ಅದು ಅಂದಾಜಿಸಿತು. ಸತ್ತವರಲ್ಲಿ ಬಹುಪಾಲು ಹಳ್ಳಿಯವರು, ಅರ್ಧದಷ್ಟು ಸಾವು ಜೂನ್–ಸೆಪ್ಟೆಂಬರ್ ನಡುವೆ. ಕರ್ನಾಟಕ ಸರ್ಕಾರ 2024ರ ಫೆಬ್ರವರಿಯಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕೇ ಹಾವುಗಳಿಂದ ದೇಶದ ಹೆಚ್ಚಿನ ಸಾವುಗಳಾಗುತ್ತವೆ. ಗರಗಸ ಮಂಡಲ ಮೊಳದುದ್ದದ ಸಣ್ಣ ಹಾವು, ಒಣನೆಲದ ಬಣ್ಣದ್ದು. ಮಂಕು ಬೆಳಕಿನಲ್ಲಿ ಬದುವಿನ ಮಣ್ಣಿಗೂ ಅದಕ್ಕೂ ವ್ಯತ್ಯಾಸ ತಿಳಿಯುವುದಿಲ್ಲ. ಗಂಬೂಟು ಮತ್ತು ಕೋಲಿನ ಜಾಗವನ್ನು ಟಾರ್ಚ್ ತುಂಬಲಾರದು. ಆದರೆ ಕಾಲಿಡುವ ಮುಂಚೆ ನೆಲ ಕಾಣುವಂತೆ ಮಾಡುವುದು ಅದರ ಕೆಲಸ, ಆ ಕೆಲಸದಲ್ಲಿ ಅದು ತಪ್ಪಬಾರದು.

ಹಾಗಾದರೆ ಹೊಸ ಬುದ್ಧಿ ಯಾವುದು ಬೇಕು?

ಎಲ್ಲಕ್ಕಿಂತ ಮೊದಲು ಬೇಕಾದದ್ದು ಮನೆಗೆ ಮರಳುವಷ್ಟು ಬೆಳಕನ್ನು ಎತ್ತಿಡುವ ವ್ಯವಸ್ಥೆ. ಹಳೆಯ ಬಲ್ಬ್ ಟಾರ್ಚಿನಲ್ಲಿ ಒಂದು ಗುಣವಿತ್ತು: ಸೆಲ್ಲು ಮುಗಿಯುವ ಮುನ್ನ ದಿನಗಟ್ಟಲೆ ಬೆಳಕು ಹಳದಿಯಾಗುತ್ತಾ ಎಚ್ಚರಿಸುತ್ತಿತ್ತು. ಇಂದಿನ ಅನೇಕ ಎಲ್‌ಇಡಿ ಟಾರ್ಚುಗಳು ಕೊನೆಯವರೆಗೂ ಒಂದೇ ಸಮ ಉರಿದು ಫಕ್ಕನೆ ಆರುತ್ತವೆ. ಮನೆಯಿಂದ ದೂರ, ಕಬ್ಬಿನ ನಡುವೆ, ಇದು ಬೀಳಬಾರದ ಸ್ಥಿತಿ. ಲೆಕ್ಕ ನೋಡಿದರೆ ಪರಿಹಾರ ಕಷ್ಟವೇನಲ್ಲ. 18650 ಎಂಬ ಸಾಮಾನ್ಯ ಲಿಥಿಯಂ ಸೆಲ್ 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ. 3000 ಮಿಲಿಆಂಪ್ ಅವರ್ ಅಳತೆಯದಾದರೆ ಅದರಲ್ಲಿ ಸುಮಾರು 11 ವಾಟ್ ಅವರ್ ಶಕ್ತಿ ಇರುತ್ತದೆ. ಒಂದು ವಾಟಿಗೆ ನೂರು ಲ್ಯೂಮೆನ್ ಎಂದು ಹಿಡಿದರೂ, ಸೆಲ್ಲಿನ ಹತ್ತನೆಯ ಒಂದು ಭಾಗ ಎತ್ತಿಟ್ಟರೆ ನೂರು ಲ್ಯೂಮೆನ್ನಿನಲ್ಲಿ ಒಂದು ಗಂಟೆ ನಡೆಯಬಹುದು. ಹತ್ತು ಲ್ಯೂಮೆನ್ನಿಗೆ ಇಳಿಸಿಕೊಂಡರೆ ಬೆಳಗಾಗುವವರೆಗೂ ಬೆಳಕಿರುತ್ತದೆ.

ಅಂದರೆ ಪ್ರೋಗ್ರಾಂ ಮಾಡಬೇಕಾದದ್ದು ಇಷ್ಟು: ಹತ್ತನೆಯ ಒಂದು ಭಾಗ ಉಳಿದಾಗ ಬೆಳಕನ್ನು ಹಂತಹಂತವಾಗಿ ನೂರು ಲ್ಯೂಮೆನ್ನಿಗೆ ತರುವುದು, ಕೈಗೆ ಗೊತ್ತಾಗುವಂತೆ ಎಚ್ಚರಿಸುವುದು, ಬೇಕೆಂದೇ ಗುಂಡಿ ಒತ್ತಿ ಹಿಡಿದರಷ್ಟೇ ಮತ್ತೆ ಏರಲು ಬಿಡುವುದು. ಎಚ್ಚರಿಕೆಗೆ ಮಿಣುಕು ಸಾಲದು. ನಡೆಯುವಾಗ ಬೆಳಕು ಮಿಣುಕಿದರೆ ಹೆಜ್ಜೆ ತಪ್ಪುತ್ತದೆ. ಮೊಬೈಲಿನಲ್ಲಿರುವಂಥ ಸಣ್ಣ ಕಂಪನದ ಮೋಟರ್ ಹಾಕಿದರೆ ಅಂಗೈಗೇ ಸುದ್ದಿ ಮುಟ್ಟುತ್ತದೆ. ಒಂದು ತಾಂತ್ರಿಕ ತೊಡಕಿದೆ. ಲಿಥಿಯಂ ಸೆಲ್ಲಿನ ವೋಲ್ಟೇಜ್ ನಡುವಿನ ಬಹುಕಾಲ ಹೆಚ್ಚು ಇಳಿಯದೆ ನಿಂತು ಕೊನೆಗೆ ದಡದಡ ಇಳಿಯುವುದರಿಂದ ವೋಲ್ಟೇಜ್ ನೋಡಿ ಉಳಿಕೆ ಹೇಳುವುದು ಒರಟು ಲೆಕ್ಕ. ಹರಿದು ಹೋದ ಕರೆಂಟನ್ನೇ ಎಣಿಸುತ್ತಾ ಹೋಗುವ ಚಿಪ್‌ಗಳು ಫೋನುಗಳಲ್ಲಿ ಮಾಮೂಲಿ. ಟಾರ್ಚಿಗೂ ಅವು ಬರಬೇಕು.

ಎರಡನೆಯದು ಬೆರಳಿಗೆ ಕಾಣುವ ಗುಂಡಿ. ಹಳೆಯ ಜಾರುಗುಂಡಿ ಮುಂದೆ ಸರಿದಿದ್ದರೆ ಟಾರ್ಚ್ ಹತ್ತಿದೆ, ಹಿಂದಿದ್ದರೆ ಆರಿದೆ. ಬೆಳಕು ನೋಡದೆಯೂ ಬೆರಳಿಗೆ ಗೊತ್ತು. ಈಗಿನ ಒತ್ತುಗುಂಡಿ ಯಾವ ಸ್ಥಿತಿಯಲ್ಲೂ ಒಂದೇ ರೀತಿ ಇರುತ್ತದೆ. ಅಮೆರಿಕದ ಎಚ್‌ಡಿಎಸ್ ಸಂಸ್ಥೆಯ ರೋಟರಿ ಟಾರ್ಚುಗಳಲ್ಲಿ ಇದಕ್ಕೊಂದು ಉತ್ತರವಿದೆ: ತಿರುಗಿಸಿದಷ್ಟು ಬೆಳಕು. ರೇಡಿಯೋದ ವಾಲ್ಯೂಮ್ ತಿರುಗಿಸಿ ಬೆಳೆದ ತಲೆಮಾರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹೊಲದ ಟಾರ್ಚಿಗೆ ಕತ್ತಿನ ಸುತ್ತ ಒರಟಾದ ಒಂದು ಉಂಗುರ ಇರಲಿ. ಎಡತುದಿಯಲ್ಲಿ ಆರಿದ ಸ್ಥಿತಿ, ಬಲತುದಿಯಲ್ಲಿ ಪೂರ್ಣ ಬೆಳಕು, ನಡುವೆ ಕಟಕ್ ಎಂದು ನಿಲ್ಲುವ ಒಂದು ಜಾಗ. ಆ ಜಾಗದ ಬೆಳಕು ಎಷ್ಟಿರಬೇಕೆಂದು ಬಳಸುವವರೇ ಪ್ರೋಗ್ರಾಂ ಮಾಡಿಕೊಳ್ಳಲಿ. ಆಯಸ್ಕಾಂತ ಮತ್ತು ಅದನ್ನು ಗ್ರಹಿಸುವ ಸೆನ್ಸರ್ ಬಳಸಿದರೆ ಉಂಗುರಕ್ಕಾಗಿ ಕೊಳವೆಯಲ್ಲಿ ತೂತು ಕೊರೆಯಬೇಕಿಲ್ಲ, ನೀರೂ ಒಳಗೆ ಇಳಿಯದು. ಮುಟ್ಟಿದರೆ ಸಾಕು ಎನ್ನುವ ಟಚ್ ಗುಂಡಿಗಳಂತೂ ಇಲ್ಲಿಗೆ ಬೇಡವೇ ಬೇಡ. ಒದ್ದೆ ಬೆರಳಿಗೆ ಅವು ಹೇಗೆ ತಡವರಿಸುತ್ತವೆ ಎಂಬುದು ಮಳೆಯಲ್ಲಿ ಫೋನ್ ಬಳಸಿದವರಿಗೆಲ್ಲ ಗೊತ್ತು.

ಸನ್ನೆಯಿಂದ ನಡೆಯುವ ಟಾರ್ಚಿನ ಮೇಲೂ ಬಹಳ ಜನರಿಗೆ ಆಸೆ. ಮೋಟೊರೋಲಾ ಫೋನನ್ನು ಎರಡು ಬಾರಿ ಕೊಚ್ಚಿದಂತೆ ಅಲ್ಲಾಡಿಸಿದರೆ ಟಾರ್ಚ್ ಹತ್ತುವುದನ್ನು ನಮ್ಮಲ್ಲೂ ಎಷ್ಟೋ ಜನ ಮೆಚ್ಚಿದ್ದಾರೆ. ಆದರೆ ಸಲಿಕೆ ಹಿಡಿದು ಮಣ್ಣು ಎಳೆಯುವ ಕೈ ಮಾಡುವುದೂ ಅದೇ ಸನ್ನೆ! ಸೊಂಟಕ್ಕೆ ಸಿಕ್ಕಿಸಿದ ಟಾರ್ಚು ಪ್ರತಿ ಏಟಿಗೂ ಹತ್ತಿ ಆರುತ್ತಿದ್ದರೆ ಯಾರಿಗೆ ಬೇಕು? ಚಲನೆ ಅರಿಯುವ ಸೆನ್ಸರನ್ನು ಬೇರೆ ಕೆಲಸಕ್ಕೆ ಹಚ್ಚಬಹುದು. ಟಾರ್ಚು ನೆಲದತ್ತ ಬಾಗಿದ್ದರೆ ಕಾಲಡಿ ಹರಡಿದ ಬೆಳಕು, ಮೇಲೆತ್ತಿ ಹಿಡಿದರೆ ದೂರ ಚಾಚುವ ಬೆಳಕು. ಎರಡು ಬಗೆಯ ಎಲ್‌ಇಡಿಗಳನ್ನು ಬೇರೆಬೇರೆಯಾಗಿ ಹತೋಟಿ ಮಾಡುವ ಅನುಕೂಲ ಆಂಡುರಿಲ್‌ನಲ್ಲಿ ಈಗಾಗಲೇ ಇದೆ. ಬಾಗು ಅಳೆದು ಅವುಗಳ ನಡುವೆ ಬದಲಾಯಿಸುವುದಷ್ಟೇ ಬಾಕಿ. ಎರಡರಷ್ಟು ದೂರದ ವಸ್ತುವಿನ ಮೇಲೆ ಅಷ್ಟೇ ಬೆಳಕು ಬೀಳಬೇಕಾದರೆ ನಾಲ್ಕರಷ್ಟು ಬೆಳಕು ಬೇಕು. ಆದ್ದರಿಂದ ಕಾಲಡಿ ನೋಡುವಾಗ ದೂರದ ಬೆಳಕು ಉರಿಸುವುದು ಬರೀ ಸೆಲ್ಲಿನ ನಷ್ಟ. ಒಂದು ಕಟ್ಟುಪಾಡು ಮಾತ್ರ ಮೀರಬಾರದು: ಮನುಷ್ಯ ಇಟ್ಟ ಮಟ್ಟಕ್ಕಿಂತ ಕಡಿಮೆ ಬೆಳಕನ್ನು ಸೆನ್ಸರ್ ತಾನಾಗಿ ಕೊಡಕೂಡದು.

ಈ ಕಟ್ಟುಪಾಡು ಏಕೆಂದರೆ ತಾನಾಗಿ ಹೊಂದಿಕೊಳ್ಳುವ ಬೆಳಕು ಗೆಲ್ಲುವ ಜಾಗವೂ ಇದೆ, ಸೋಲುವ ಜಾಗವೂ ಇದೆ. ಫ್ರಾನ್ಸಿನ ಪೆಟ್ಜ್ಲ್ ಸಂಸ್ಥೆ 2012ರಲ್ಲಿ ನಾವೊ ಎಂಬ ತಲೆದೀಪ ತಂದಿತು. ಎದುರಿನಿಂದ ಮರಳಿ ಬರುವ ಬೆಳಕನ್ನು ಅಳೆದು ಅದು ತನ್ನನ್ನು ತಾನೇ ಏರಿಳಿಸಿಕೊಳ್ಳುತ್ತದೆ. ಹತ್ತಿರದ ಕಾಗದ ಓದುವಾಗ ಮಂಕು, ದೂರ ನೋಡುವಾಗ ಪ್ರಖರ. ಬೀದರಿನ ನೌಬಾದ್ ಕರೇಜಿನಂಥ ಸುರಂಗದೊಳಗೆ, ಗೋಡೆ ಮಾರುದೂರದಲ್ಲಿರುವಾಗ, ಇಂಥ ದೀಪ ಹೇಳಿ ಮಾಡಿಸಿದಂತಿರುತ್ತದೆ. ಆಳೆತ್ತರ ಬೆಳೆದ ಕಬ್ಬಿನಲ್ಲಿ ಮಾತ್ರ ಕಥೆ ಬೇರೆ. ಮುಖದ ಮುಂದಿನ ಒಂದು ಗರಿಗೆ ಬೆಳಕು ತಾಗಿ ಮರಳಿದರೂ ಸಾಕು, ಎದುರಿಗೆ ಗೋಡೆ ಇದೆಯೆಂದು ಸೆನ್ಸರ್ ತಿಳಿದು ಬೆಳಕು ಇಳಿಸುತ್ತದೆ; ಗರಿಯಾಚೆಯ ದಾರಿ ಕತ್ತಲಾಗುತ್ತದೆ. ಮಂಜು, ಜಿಟಿಮಳೆಯಲ್ಲೂ ಹೀಗೆಯೇ. ಕಬ್ಬಿನ ನಾಡಿನ ಟಾರ್ಚಿಗೆ ಕೋಡ್ ಬರೆಯುವವರು ಕಬ್ಬಿನಲ್ಲೇ ಪರೀಕ್ಷೆ ಮಾಡಬೇಕು.

ಬೆಳಕಿನ ಸಂಕೇತಗಳ ವಿಚಾರಕ್ಕೆ ಬಂದರೆ ಹಲಬರ್ಗಾದಲ್ಲೇ ಒಂದು ಹಳೆಯ ಪಾಠಶಾಲೆಯಿದೆ: ರೈಲು ನಿಲ್ದಾಣ. ವಿಕಾರಾಬಾದಿನಿಂದ ಪರಳಿಗೆ ಹೋಗುವ ಹಳಿಯ ಮೇಲೆ, ಬೀದರ್ ಮತ್ತು ಭಾಲ್ಕಿ ನಡುವೆ ಈ ಸಣ್ಣ ನಿಲ್ದಾಣ ಬರುತ್ತದೆ. ರೈಲ್ವೆ ಸಿಬ್ಬಂದಿಯ ಕೈಯಲ್ಲಿರುವ ಮೂರು ಬಣ್ಣದ ಟಾರ್ಚು ಬಿಳಿ, ಕೆಂಪು, ಹಸಿರು ತೋರಿಸುತ್ತದೆ. ಹಸಿರನ್ನು ಅಲುಗಾಡದಂತೆ ಹಿಡಿದರೆ ಹೊರಡು, ಮೇಲೆ ಕೆಳಗೆ ಬೀಸಿದರೆ ಎಚ್ಚರದಿಂದ ಸಾಗು, ಕೆಂಪು ಕಂಡರೆ ನಿಲ್ಲು. ಇನ್ನೂ ದೊಡ್ಡ ಪಾಠ ನಂತರದ ನಿಯಮದಲ್ಲಿದೆ: ಕೆಂಪು ಬೆಳಕು ಸಿಗದಿದ್ದರೆ ಬಿಳಿ ಬೆಳಕನ್ನೇ ಮೈಗೆ ಅಡ್ಡಲಾಗಿ ಜೋರಾಗಿ ಬೀಸಬೇಕು, ಅದಕ್ಕೂ ನಿಲ್ಲು ಎಂದೇ ಅರ್ಥ. ಉಪಕರಣದ ಒಂದು ಭಾಗ ಕೈಕೊಟ್ಟರೂ ಅತಿ ಮುಖ್ಯವಾದ ಸುದ್ದಿ ತಲುಪಲೇಬೇಕು ಎಂದು ನಿಯಮ ಬರೆದವರು ಮೊದಲೇ ಯೋಚಿಸಿದ್ದಾರೆ.

ಹೊಲದ ಟಾರ್ಚಿನ ತುರ್ತು ಸಂಕೇತಕ್ಕೂ ಇಂಥ ಯೋಚನೆ ಬೇಕು. ಈಗಿನ ಎಷ್ಟೋ ಟಾರ್ಚುಗಳಲ್ಲಿ ಎಸ್‌ಒಎಸ್ ಮಿಣುಕು ಇದೆ, ಆದರೆ ಅದು ಮೆನುವಿನ ಆಳದಲ್ಲಿ ಹುದುಗಿದೆ. ಹಾವು ಕಚ್ಚಿದವನು, ಕೈ ನಡುಗುವಾಗ, ಎಷ್ಟು ಬಾರಿ ಒತ್ತಬೇಕೆಂದು ನೆನಪಿಟ್ಟುಕೊಳ್ಳಲಾರ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಇರಬೇಕು, ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಪ್ರತಿವಿಷ ಇರುವ ಆಸ್ಪತ್ರೆಗೆ ಬೇಗ ಮುಟ್ಟಬೇಕು. 108ಕ್ಕೆ ಫೋನ್ ಮಾಡಿದರೂ ಆ ಕತ್ತಲಲ್ಲಿ ಅಂಬುಲೆನ್ಸಿನವರಿಗೆ ಹೊಲ ಸಿಗಬೇಕಲ್ಲ? ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿದರೆ, ಅಥವಾ ಉಂಗುರವನ್ನು ಬಲತುದಿಯಾಚೆ ಬಲವಾಗಿ ತಿರುಗಿಸಿದರೆ, ಟಾರ್ಚು ಎರಡು ಸೆಕೆಂಡಿಗೊಮ್ಮೆ ದೂರಕ್ಕೆ ಮಿಂಚುತ್ತಿರಲಿ, ನಡುನಡುವೆ ಪಕ್ಕದವರಿಗೆ ಕಾಣುವಷ್ಟು ಮಂಕು ಬೆಳಕು ಉಳಿಯಲಿ. ಸದಾ ಉರಿಯುವುದಕ್ಕಿಂತ ಇದಕ್ಕೆ ಸೆಲ್ ಕಡಿಮೆ ಬೇಕು, ದೂರದಿಂದ ಬೇಗ ಕಣ್ಣಿಗೆ ಬೀಳುತ್ತದೆ. ಎತ್ತಿಟ್ಟ ಹತ್ತನೆಯ ಒಂದು ಭಾಗವನ್ನು ಈ ಕೆಲಸ ಮಾತ್ರ ಪ್ರಶ್ನೆಯಿಲ್ಲದೆ ಬಳಸಬಹುದು.

ಇನ್ನೊಂದು ಯೋಜನೆ ಟಾರ್ಚನ್ನು ಸ್ಟಾರ್ಟರ್ ಡಬ್ಬಿಯ ಜೊತೆ ಮಾತಿಗೆ ಹಚ್ಚುವುದು. ಮೊಬೈಲಿನಿಂದ ಮೋಟರ್ ಹಾಕುವ ಸಾಧನಗಳು ನಮ್ಮ ರೈತರಿಗೆ ಗೊತ್ತು. ಪುಣೆಯ ಸಂತೋಷ್ ಓಸ್ತ್ವಾಲ್ ರೂಪಿಸಿದ ನ್ಯಾನೊ ಗಣೇಶ್ ಆ ಪೈಕಿ ಮೊದಮೊದಲು ಬಂದದ್ದು. ಅಂಥ ಡಬ್ಬಿಯಲ್ಲೂ ಟಾರ್ಚಿನಲ್ಲೂ ದೂರಕ್ಕೆ ಮುಟ್ಟುವ, ಕಡಿಮೆ ಶಕ್ತಿ ಬೇಡುವ ಲೋರಾ ರೇಡಿಯೋ ಚಿಪ್ ಒಂದೊಂದನ್ನು ಇಟ್ಟರೆ, ಭಾರತದಲ್ಲಿ ಪರವಾನಗಿ ಬೇಡದ 865–867 ಮೆಗಾಹರ್ಟ್ಸ್ ತರಂಗದಲ್ಲಿ, ಮೊಬೈಲ್ ಸಿಗ್ನಲ್ ಇಲ್ಲದ ಕಡೆಯೂ ಸುದ್ದಿ ಬರುತ್ತದೆ. ತ್ರೀ ಫೇಸ್ ಬಂದರೆ ಗೂಟಕ್ಕೆ ನೇತುಹಾಕಿದ ಟಾರ್ಚಿನ ಗುಂಡಿ ಹಸಿರಾಗಿ ಹೊಳೆಯಲಿ, ಒಂದು ಫೇಸ್ ಹೋದರೆ ಕೆಂಪಾಗಲಿ. ಗುಂಡಿಯ ಸುತ್ತಲಿನ ಸಣ್ಣ ಬಣ್ಣದ ಎಲ್‌ಇಡಿಗಳಿಂದ ಸೆಲ್ಲಿನ ಸ್ಥಿತಿ ಹೇಳಿಸುವುದು ಆಂಡುರಿಲ್ ಟಾರ್ಚುಗಳಲ್ಲಿ ಈಗಲೇ ಇದೆ. ಅವುಗಳಿಂದಲೇ ಕರೆಂಟಿನ ಸುದ್ದಿಯನ್ನೂ ಹೇಳಿಸಬಹುದು. ಕರೆಂಟ್ ಬಂತೇ ಎಂದು ನೋಡಲೆಂದೇ ಕತ್ತಲಲ್ಲಿ ಹೊಲದ ತನಕ ನಡೆಯುವುದು ತಪ್ಪಿದರೆ ಅದಕ್ಕಿಂತ ದೊಡ್ಡ ರಕ್ಷಣೆ ಯಾವ ಪ್ರಖರ ಬೆಳಕೂ ಕೊಡಲಾರದು.

ಇಷ್ಟನ್ನೆಲ್ಲ ಹೊಂದಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಉಳಿಯುತ್ತದೆ. ಒತ್ತುಗಳನ್ನು ಎಣಿಸಿ ಪ್ರೋಗ್ರಾಂ ಮಾಡುವ ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ಅದನ್ನು ಬಲ್ಲವರಿಗೂ ತಲೆಬಿಸಿ. ಬ್ಲೂಟೂತ್ ಹಾಕಿದರೆ ಖರ್ಚು ಹೆಚ್ಚು, ಆ್ಯಪ್ ಹಳತಾದರೆ ಟಾರ್ಚೂ ಹಳತು. ಇದಕ್ಕೆ ಸೊಗಸಾದ ಅಡ್ಡದಾರಿಯೊಂದಿದೆ. ಎಲ್‌ಇಡಿ ಬೆಳಕು ಕೊಡುವುದಷ್ಟೇ ಅಲ್ಲ, ಬೆಳಕನ್ನು ಗ್ರಹಿಸಲೂ ಬಲ್ಲದು. ತನ್ನದೇ ಬಣ್ಣದ ಅಥವಾ ಅದಕ್ಕಿಂತ ಗಿಡ್ಡ ತರಂಗದ ಬೆಳಕು ಬಿದ್ದರೆ ಅದರಲ್ಲಿ ಸಣ್ಣ ಕರೆಂಟ್ ಹುಟ್ಟುತ್ತದೆ. ಅಮೆರಿಕದ ಮಿತ್ಸುಬಿಷಿ ಎಲೆಕ್ಟ್ರಿಕ್ ಸಂಶೋಧನಾಲಯದ ಪಾಲ್ ಡೀಟ್ಜ್ ಮತ್ತು ಸಂಗಡಿಗರು 2003ರಲ್ಲೇ, ಒಂದು ಅಗ್ಗದ ಚಿಪ್ಪು ಮತ್ತು ಸಾಧಾರಣ ಎಲ್‌ಇಡಿ ಸಾಕು, ಎರಡು ಸಾಧನಗಳು ಬೆಳಕಿನಲ್ಲೇ ಮಾತಾಡಬಲ್ಲವು ಎಂದು ಮಾಡಿ ತೋರಿಸಿದರು. ಟಾರ್ಚಿನ ಗುಂಡಿಯಲ್ಲಿರುವ ಸಣ್ಣ ಕೆಂಪು ಎಲ್‌ಇಡಿಗೆ ಈ ಕೆಲಸ ಕೊಡಬಹುದು. ಫೋನಿನಲ್ಲಿ ಕನ್ನಡದ ಒಂದು ಪುಟ ತೆರೆದು, "ನಡು ಬೆಳಕು ಎಷ್ಟಿರಲಿ?", "ಎಷ್ಟು ಸೆಲ್ ಉಳಿದಾಗ ಎಚ್ಚರಿಸಲಿ?" ಎಂದು ಆರಿಸಿ, ಟಾರ್ಚನ್ನು ಪರದೆಗೆ ತಾಗಿಸಿದರೆ, ಪರದೆ ಕಪ್ಪು–ಬಿಳಿಯಾಗಿ ಮಿಣುಕಿ ಎಲ್ಲವನ್ನೂ ದಾಟಿಸುತ್ತದೆ. ಒಮ್ಮೆ ಹೊಂದಿಸಿದ ಮೇಲೆ ಹೊಲದಲ್ಲಿ ಫೋನ್ ಬೇಕಿಲ್ಲ, ಮೂರಕ್ಕಿಂತ ಹೆಚ್ಚು ಒತ್ತುಗಳೂ ಬೇಕಿಲ್ಲ.

ಇದನ್ನು ಮಾಡುವವರು ಯಾರು? ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ಕಾಲೇಜಿದೆ, ಬೀದರಿನಲ್ಲಿ ಗುರುನಾನಕ್ ದೇವ್ ಎಂಜಿನಿಯರಿಂಗ್ ಕಾಲೇಜಿದೆ. ಕೊನೆಯ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟುಗಳಿಗೆ ನೆರವು ನೀಡುವ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ಬೆಂಗಳೂರಿನಲ್ಲಿದೆ. ಹಳ್ಳಿಯ ಬೆಳಕಿನ ಮೇಲೆ ಕೆಲಸ ಮಾಡಿದವರ ಪರಂಪರೆಯೂ ರಾಜ್ಯಕ್ಕೆ ಇದೆ. 1995ರಲ್ಲಿ ಸೆಲ್ಕೊ ಸಂಸ್ಥೆ ಕಟ್ಟಿ ಹಳ್ಳಿಗಳಿಗೆ ಸೌರದೀಪ ಮುಟ್ಟಿಸಿದ ಹರೀಶ್ ಹಂದೆ ಅವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು, ಬಳಸುವವರ ಕೆಲಸ ನೋಡಿ ಅದಕ್ಕೆ ತಕ್ಕ ದೀಪ ಕೊಟ್ಟ ಆ ದಾರಿಗೇ.

ಕೋಡ್ ಹೊಸದಾಗಿ ಬರೆಯಬೇಕಿಲ್ಲ, ಆಂಡುರಿಲ್ ಇದೆ. ಅದು ಓಡುವ ಹೊಸ ಚಿಪ್‌ಗಳಲ್ಲೊಂದಾದ ಎಟಿಟೈನಿ1616ರಲ್ಲಿ 16 ಕಿಲೋಬೈಟ್ ಜಾಗವಿದೆ. ಟಾರ್ಚಿನ ತಲೆ ಬಿಚ್ಚಿ, ಸರ್ಕ್ಯೂಟಿನ ಮೇಲಿನ ಮೂರು ಬಿಂದುಗಳಿಗೆ ತಂತಿ ತಾಗಿಸಿದರೆ ಕಂಪ್ಯೂಟರಿನಿಂದ ಹೊಸ ಪ್ರೋಗ್ರಾಂ ಇಳಿಯುತ್ತದೆ. ತಪ್ಪಾದರೆ ಹಳೆಯದನ್ನೇ ಮತ್ತೆ ತುಂಬಬಹುದು. ಮನೆಗೆ ಮರಳುವ ಬೆಳಕನ್ನು ಎತ್ತಿಡುವ ಕೆಲಸವನ್ನು ಸದ್ಯಕ್ಕೆ ಬೇರೆ ಬಿಡಿಭಾಗ ಸೇರಿಸದೆ, ವೋಲ್ಟೇಜಿನ ಒರಟು ಲೆಕ್ಕದಲ್ಲೇ, ಇದೇ ಚಿಪ್ಪಿನಲ್ಲಿ ಮಾಡಿ ನೋಡಬಹುದು. ಅಂಥ ನಾಲ್ಕಾರು ಟಾರ್ಚುಗಳನ್ನು ಹಿಂಗಾರಿನ ಕಡಲೆ–ಜೋಳಕ್ಕೆ ನೀರು ಹಾಯಿಸುವವರ ಕೈಗೆ ಒಂದು ತಿಂಗಳು ಕೊಟ್ಟು, ಯಾವ ಗುಂಡಿ ತಪ್ಪಿತು, ಯಾವ ಎಚ್ಚರಿಕೆ ಕೈಗೆ ತಿಳಿಯಲಿಲ್ಲ ಎಂದು ಕೇಳಿ ಬರೆದುಕೊಂಡರೆ ಮುಂದಿನ ತಿದ್ದುಪಡಿ ಏನೆಂದು ಅವರೇ ಹೇಳುತ್ತಾರೆ.